ಅಜ್ಜಿಯ ತಟ್ಟೆಯಲ್ಲಿ ಬೇಳೆ ಎಷ್ಟು?

ಮೊದಲು ಗೊತ್ತಾಗುವುದು ಬಳೆಯಿಂದ. ಒಂದು ಕಾಲಕ್ಕೆ ಮುಂಗೈಗೆ ಬಿಗಿಯಾಗಿ ಕೂತಿರುತ್ತಿದ್ದ ಜೋಡಿ ಬಳೆ, ಈಗ ಅಜ್ಜಿ ದೇವರ ಪಟಕ್ಕೆ ಹೂವಿಡಲು ಕೈಯೆತ್ತಿದರೆ ಮೊಣಕೈವರೆಗೂ ಜಾರಿ ಬರುತ್ತದೆ. ಆಮೇಲೆ ಬೇರೆ ಸಂಗತಿಗಳೂ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಚಾಪೆಯಿಂದ ಏಳುವಾಗ ಒಂದು ಕೈ ಮಂಡಿಗೆ, ಇನ್ನೊಂದು ಗೋಡೆಗೆ. ಹಾಲಿನ ಪಾತ್ರೆ ಇಳಿಸಲು ಎರಡೂ ಕೈ ಬೇಕು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗದೆ, ‘ಮಗಾ, ಸ್ವಲ್ಪ ಇದನ್ನು ತೆಗೆದುಕೊಡು’ ಎಂದು ಮೊಮ್ಮಗನನ್ನು ಕರೆಯುತ್ತಾರೆ. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಹೆಚ್ಚೇನೂ ವ್ಯತ್ಯಾಸ ಕಾಣದು. ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ.

ಅದೇ ಮನೆಯ ಫ್ರಿಜ್ಜಿನ ಮೇಲೆ ಕಾಲೇಜಿಗೆ ಹೋಗುವ ಮೊಮ್ಮಗನ ಪ್ರೋಟೀನ್ ಪುಡಿಯ ದೊಡ್ಡ ಡಬ್ಬಿ ಕೂತಿರುತ್ತದೆ. ಬೆಳಿಗ್ಗೆ ಜಿಮ್ಮಿಗೆ ಹೋಗಿ ಬಂದು ಹಾಲಿನಲ್ಲಿ ಕಲಸಿ ಕುಡಿಯಲು ತಂದದ್ದು. ‘ಅಜ್ಜಿಗೂ ದಿನಾ ಒಂದು ಚಮಚ ಕೊಟ್ಟರೆ ಆಗದೇ?’ ಎಂದು ಅವನು ಕೇಳಿದರೆ, ‘ಅದೆಲ್ಲ ಉಷ್ಣ, ಕಿಡ್ನಿಗೂ ಕೆಟ್ಟದ್ದು’ ಎಂದು ಅಮ್ಮ. ಅಪ್ಪ ಡಬ್ಬಿ ತಿರುಗಿಸಿ ಬೆಲೆ ನೋಡುತ್ತಾರೆ. ಅಜ್ಜಿಯನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಅವರದು ಒಂದೇ ಮಾತು: ‘ನನಗೆ ತಿಳಿಸಾರು ಅನ್ನ ಸಾಕು, ಬೇರೇನೂ ಅರಗುವುದಿಲ್ಲ.’

ಇವತ್ತು ಹಲವು ಮನೆಗಳಲ್ಲಿ ನಡೆಯುವ ಈ ವಾದದಲ್ಲಿ ಎಲ್ಲರ ಮಾತಿನಲ್ಲೂ ಅಷ್ಟಿಷ್ಟು ನಿಜವಿದೆ, ಅಜ್ಜಿಯ ಮಾತೊಂದನ್ನು ಬಿಟ್ಟು. ತಿಳಿಸಾರು ಅನ್ನ ಸಾಲದು ಎಂಬುದೇ ಇಲ್ಲಿನ ಮುಖ್ಯ ವಿಷಯ. ಯಾಕೆ ಸಾಲದು, ಡಬ್ಬಿಯಿಂದ ಎಷ್ಟರಮಟ್ಟಿಗೆ ಸಹಾಯವಾದೀತು ಎಂದು ತಿಳಿಯಬೇಕಾದರೆ, ಮುಪ್ಪಿನಲ್ಲಿ ದೇಹದ ಪ್ರೋಟೀನಿನ ಜಮಾಖರ್ಚು ಹೇಗೆ ಬದಲಾಗುತ್ತದೆ ಎಂಬುದನ್ನು ನೋಡಬೇಕು.

ದಿನವೂ ಕೆಡವಿ ಕಟ್ಟುವ ಮನೆ

ಪ್ರೋಟೀನನ್ನು ನಮ್ಮ ಹಳೆಯ ಪಠ್ಯಪುಸ್ತಕಗಳು ‘ಸಸಾರಜನಕ’ ಎಂದು ಕರೆಯುತ್ತಿದ್ದವು. ಸಾರಜನಕ ಇರುವ ಆಹಾರ ಎಂದು ಅರ್ಥ. ಒಳ್ಳೆಯ ಹೆಸರು. ಪಿಷ್ಟದಲ್ಲಿ, ಎಣ್ಣೆ ತುಪ್ಪದಲ್ಲಿ ಇಲ್ಲದ ಈ ಸಾರಜನಕವೇ ಪ್ರೋಟೀನಿನ ಗುರುತು. ಇಪ್ಪತ್ತು ಬಗೆಯ ಅಮೈನೊ ಆಮ್ಲಗಳನ್ನು ಹೂವಿನಂತೆ ಒಂದರ ಪಕ್ಕ ಒಂದು ಪೋಣಿಸಿದ ಮಾಲೆಯೇ ಪ್ರೋಟೀನು. ಸ್ನಾಯು, ರಕ್ತದ ಹಿಮೋಗ್ಲೋಬಿನ್, ಜೀರ್ಣರಸದ ಕಿಣ್ವ, ರೋಗದೊಡನೆ ಹೋರಾಡುವ ಪ್ರತಿಕಾಯ ಎಲ್ಲವೂ ಇಂಥ ಮಾಲೆಗಳೇ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ವಿಜ್ಞಾನಿಗಳು ದೇಹವನ್ನು ಒಂದು ಎಂಜಿನ್ನಿನಂತೆ ಕಾಣುತ್ತಿದ್ದರು. ಎಂಜಿನ್ನು ಗಟ್ಟಿ, ಆಹಾರ ಅದಕ್ಕೆ ಹಾಕುವ ಇಂಧನ. ಇಂಧನ ಉರಿದುಹೋಗುತ್ತದೆ, ಎಂಜಿನ್ನು ಹಾಗೇ ಇರುತ್ತದೆ. ಈ ನಂಬಿಕೆಯನ್ನು ಅಲುಗಾಡಿಸಿದವನು ರುಡಾಲ್ಫ್ ಶೋನ್‌ಹೈಮರ್. ಬರ್ಲಿನ್ನಿನಲ್ಲಿ ಹುಟ್ಟಿದ ಆತ, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಆಗತಾನೆ ಭಾರದ ಸಾರಜನಕ ಸಿಗತೊಡಗಿತ್ತು. ಮಾಮೂಲು ಸಾರಜನಕದ ಪರಮಾಣು ತೂಕ 14, ಇದರದು 15. ಗುಣದಲ್ಲಿ ಎರಡೂ ಒಂದೇ, ತೂಕದಲ್ಲಿ ಮಾತ್ರ ಬೇರೆ. ಹೀಗಾಗಿ ಇದನ್ನು ಸೇರಿಸಿದ ಅಮೈನೊ ಆಮ್ಲ ದೇಹದಲ್ಲಿ ಎಲ್ಲಿಗೆ ಹೋದರೂ ಪತ್ತೆ ಹಚ್ಚಬಹುದು. ಹಸುವಿನ ಕೊರಳಿಗೆ ಗಂಟೆ ಕಟ್ಟಿ ಮೇಯಲು ಬಿಟ್ಟಂತೆ.

1939ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆತ ಬೆಳೆದ ಇಲಿಗಳಿಗೆ ಈ ಬಗೆಯ ಲ್ಯೂಸಿನ್ ಎಂಬ ಅಮೈನೊ ಆಮ್ಲ ತಿನ್ನಿಸಿದ. ಆಹಾರ ಬರಿಯ ಇಂಧನವೇ ಆಗಿದ್ದರೆ ಗುರುತಿನ ಸಾರಜನಕವೆಲ್ಲ ಮೂತ್ರದಲ್ಲಿ ಹೊರಬರಬೇಕಿತ್ತು. ಮೂರು ದಿನದ ಬಳಿಕ ನೋಡಿದರೆ ಅರ್ಧಕ್ಕಿಂತ ಹೆಚ್ಚು ಇಲಿಯ ಮೈಯ ಪ್ರೋಟೀನಿನಲ್ಲೇ ಸೇರಿಹೋಗಿತ್ತು! ಇಲಿ ಬೆಳೆದಿರಲಿಲ್ಲ, ತೂಕ ಏರಿರಲಿಲ್ಲ. ಹೊಸ ಇಟ್ಟಿಗೆ ಒಳಹೋಗಿತ್ತು ಎಂದರೆ ಅಷ್ಟೇ ಹಳೆಯ ಇಟ್ಟಿಗೆ ಹೊರಬಂದಿರಬೇಕು. ಎಂಜಿನ್ನು ತನ್ನನ್ನೇ ಬಿಚ್ಚಿ ಜೋಡಿಸಿಕೊಳ್ಳುತ್ತಿತ್ತು. 1941ರಲ್ಲಿ, ಇನ್ನೂ ನಲವತ್ತಮೂರರ ವಯಸ್ಸಿನಲ್ಲಿ ಶೋನ್‌ಹೈಮರ್ ತೀರಿಕೊಂಡ. ಈ ವಿಚಾರವನ್ನು ವಿವರಿಸುವ ಅವನ ಪುಸ್ತಕ ಹೊರಬಂದದ್ದು ಮರುವರ್ಷ.

ವಯಸ್ಕ ಮನುಷ್ಯನ ದೇಹದಲ್ಲಿ ದಿನವೂ ಸುಮಾರು 250ರಿಂದ 300 ಗ್ರಾಂ ಪ್ರೋಟೀನು ಒಡೆದು ಅಮೈನೊ ಆಮ್ಲಗಳಾಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಪ್ರೋಟೀನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಒಡೆದ ಇಟ್ಟಿಗೆಯಲ್ಲಿ ಬಹುಪಾಲು ಮತ್ತೆ ಗೋಡೆಗೇ ಹೋಗುತ್ತದೆ. ಸ್ವಲ್ಪ ಭಾಗ ಮಾತ್ರ ಪುಡಿಯಾಗುತ್ತದೆ. ಅದರ ಸಾರಜನಕ ಯಕೃತ್ತಿನಲ್ಲಿ ಯೂರಿಯಾ ಆಗಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಆ ನಷ್ಟ ತುಂಬುವುದಕ್ಕೇ ದಿನದ ಊಟದ 50-60 ಗ್ರಾಂ ಪ್ರೋಟೀನು.

ಇಲ್ಲೊಂದು ತೊಡಕಿದೆ. ಹೆಚ್ಚಾದ ಕೊಬ್ಬಿಗೆ ದೇಹದಲ್ಲಿ ಉಗ್ರಾಣವಿದೆ. ಸಕ್ಕರೆಗೂ ಯಕೃತ್ತಿನಲ್ಲಿ ಒಂದು ಸಣ್ಣ ಡಬ್ಬಿ ಇದೆ. ಅಮೈನೊ ಆಮ್ಲಕ್ಕೆ ಮಾತ್ರ ಪ್ರತ್ಯೇಕ ಕಣಜವಿಲ್ಲ. ಇವತ್ತು ಹೆಚ್ಚು ತಿಂದು ನಾಳೆಗೆ ಇಟ್ಟುಕೊಳ್ಳುವಂತಿಲ್ಲ. ಇರುವ ಕಣಜವೆಂದರೆ ಸ್ನಾಯುವೇ. ಉಪವಾಸ, ಜ್ವರ, ಶಸ್ತ್ರಚಿಕಿತ್ಸೆ, ಮೂಳೆಮುರಿತ ಇವೆಲ್ಲದರಲ್ಲಿ ಗಾಯ ಮಾಯಲು, ಪ್ರತಿಕಾಯ ಕಟ್ಟಲು ಬೇಕಾದ ಅಮೈನೊ ಆಮ್ಲ ತೊಡೆ, ತೋಳುಗಳಿಂದ ಬರುತ್ತದೆ. ಅಜ್ಜಿಯ ತೋಳು ಸೊರಗಿದೆ ಎಂದರೆ ನಡೆಯಲು ಕಷ್ಟ ಎಂದಷ್ಟೇ ಅಲ್ಲ, ಕಾಯಿಲೆಯ ಕಾಲಕ್ಕೆ ಇಟ್ಟ ಗಂಟು ಕರಗಿದೆ ಎಂದೂ ಅರ್ಥ.

ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ

ಇಪ್ಪತ್ತು ಅಮೈನೊ ಆಮ್ಲಗಳಲ್ಲಿ ಯಾವುದನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ, ಯಾವುದನ್ನು ಊಟದಿಂದಲೇ ಪಡೆಯಬೇಕು? ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ಕಮಿಂಗ್ ರೋಸ್ ಮೊದಲು ಇಲಿಗಳ ಮೇಲೆ, ನಂತರ 1940ರ ದಶಕದಲ್ಲಿ ತನ್ನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ. ಆ ಹುಡುಗರ ಊಟ ಕೇಳಿದರೆ ಹಾಸ್ಟೆಲ್ ಊಟವನ್ನು ಬೈಯುವವರು ಸುಮ್ಮನಾದಾರು. ಜೋಳದ ಪಿಷ್ಟ, ಸಕ್ಕರೆ, ಬೆಣ್ಣೆಯ ಕೊಬ್ಬು, ಎಣ್ಣೆ, ಜೀವಸತ್ವ, ಜೊತೆಗೆ ಪ್ರೋಟೀನಿನ ಬದಲು ಶುದ್ಧ ಅಮೈನೊ ಆಮ್ಲಗಳ ಮಿಶ್ರಣ. ವಾರಗಟ್ಟಲೆ ಇದೇ. ಒಂದೊಂದು ಸಲ ಒಂದೊಂದು ಅಮೈನೊ ಆಮ್ಲವನ್ನು ತೆಗೆದುಹಾಕಿ, ಒಳಹೋಗುವ ಸಾರಜನಕಕ್ಕೂ ಹೊರಬರುವ ಸಾರಜನಕಕ್ಕೂ ಲೆಕ್ಕ ಹಾಕುತ್ತಿದ್ದರು.

ಕೆಲವನ್ನು ತೆಗೆದರೆ ಏನೂ ಆಗುತ್ತಿರಲಿಲ್ಲ. ಇನ್ನು ಕೆಲವನ್ನು ತೆಗೆದ ಕೂಡಲೇ ಖರ್ಚು ಜಮೆಯನ್ನು ಮೀರುತ್ತಿತ್ತು. ಹುಡುಗರಿಗೆ ಊಟ ಸೇರದು, ವಿಪರೀತ ದಣಿವು, ಮುಟ್ಟಿದರೆ ಸಿಡುಕು. ಹಿಂದೆ ಬಿಟ್ಟದ್ದನ್ನು ಮತ್ತೆ ಸೇರಿಸಿದರೆ ಎಲ್ಲ ಸರಿ. ವಯಸ್ಕರಿಗೆ ಎಂಟು ಅಮೈನೊ ಆಮ್ಲಗಳು ಅವಶ್ಯಕ ಎಂದು ರೋಸ್ ತೀರ್ಮಾನಿಸಿದ. ಅದರಲ್ಲಿ ಥ್ರಿಯೋನಿನ್ ಎಂಬುದನ್ನು 1935ರಲ್ಲಿ ಕಂಡುಹಿಡಿದವನೂ ಅವನೇ. ಮುಂದೆ ಹಿಸ್ಟಿಡಿನ್ ಸೇರಿ ಒಂಬತ್ತಾಯಿತು.

ಈ ಒಂಬತ್ತರ ಗುಟ್ಟೆಂದರೆ, ಒಂದು ಕಡಿಮೆಯಾದರೂ ಉಳಿದ ಎಂಟೂ ನಿರುಪಯೋಗಿ. ಅಚ್ಚಿನ ಮನೆಯಲ್ಲಿ ‘ನ’ ಅಕ್ಷರದ ಮೊಳೆಗಳು ಮುಗಿದುಹೋದರೆ ಉಳಿದ ಅಕ್ಷರಗಳು ರಾಶಿ ಬಿದ್ದಿದ್ದರೂ ‘ಕನ್ನಡ’ ಎಂದು ಜೋಡಿಸಲಾಗದು. ಈ ಮಾತನ್ನು ಡಬ್ಬಿಯ ವಿಷಯಕ್ಕೆ ಬಂದಾಗ ನೆನಪಿಟ್ಟುಕೊಳ್ಳಬೇಕು.

ಕಿವಿ ಮಂದವಾದ ಸ್ನಾಯು

ವಯಸ್ಸಾದಂತೆ ಸ್ನಾಯು ಕರಗುವುದಕ್ಕೆ 1980ರ ದಶಕದ ಕೊನೆಯವರೆಗೂ ಒಂದು ಹೆಸರೇ ಇರಲಿಲ್ಲ. ಮುಪ್ಪು ಎಂದರೆ ಮುಪ್ಪು. ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಗ್ರೀಕ್ ಪದಗಳಿಂದ ‘ಸಾರ್ಕೊಪೀನಿಯಾ’ ಎಂಬ ಹೆಸರು ಸೂಚಿಸಿದರು. ಮಾಂಸದ ಕೊರತೆ ಎಂದು ಅರ್ಥ. ಹೆಸರಿಟ್ಟ ಮೇಲೆ ಸಂಶೋಧಕರ ಗಮನ ಅದರ ಕಡೆ ಹರಿಯಿತು. ಅಮೆರಿಕದ ರೋಗಪಟ್ಟಿಯಲ್ಲಿ ಅದಕ್ಕೊಂದು ಸಂಖ್ಯೆ ಸಿಕ್ಕಿದ್ದು ಮಾತ್ರ 2016ರಲ್ಲಿ.

ಸಾಮಾನ್ಯವಾಗಿ ಹೇಳುವ ಲೆಕ್ಕದ ಪ್ರಕಾರ ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟು ಪಾಲು ಸ್ನಾಯು ಕಡಿಮೆಯಾಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಶಕ್ತಿ ಅದಕ್ಕಿಂತಲೂ ವೇಗವಾಗಿ ಇಳಿಯುತ್ತದೆ. ಖಾಲಿಯಾದ ಜಾಗವನ್ನು ಕೊಬ್ಬು ತುಂಬಿಕೊಳ್ಳುವುದರಿಂದ ತೂಕದ ಯಂತ್ರಕ್ಕೆ ಈ ಕಳ್ಳತನ ಗೊತ್ತಾಗುವುದಿಲ್ಲ.

ಹಾಗಾದರೆ ವಯಸ್ಸಾದವರ ಸ್ನಾಯು ಹೆಚ್ಚು ಒಡೆಯುತ್ತದೆಯೇ, ಕಡಿಮೆ ಕಟ್ಟುತ್ತದೆಯೇ? ಶೋನ್‌ಹೈಮರನ ಗುರುತಿನ ಪರಮಾಣುಗಳನ್ನೇ ಬಳಸಿ ಈ ಪ್ರಶ್ನೆಯನ್ನು ಹತ್ತಾರು ಪ್ರಯೋಗಶಾಲೆಗಳು ಕೇಳಿದವು. ಉತ್ತರ ಅನಿರೀಕ್ಷಿತವಾಗಿತ್ತು. ಖಾಲಿ ಹೊಟ್ಟೆಯಲ್ಲಿ ಆರೋಗ್ಯವಂತ ಮುದುಕರಿಗೂ ಹುಡುಗರಿಗೂ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಊಟವಾದ ಮೇಲೆ.

ಊಟ ಅರಗಿ ಅಮೈನೊ ಆಮ್ಲಗಳು ರಕ್ತಕ್ಕೆ ಬಂದಾಗ ಹರೆಯದ ಸ್ನಾಯು ಕೂಡಲೇ ಕಟ್ಟುವ ಕೆಲಸಕ್ಕೆ ಇಳಿಯುತ್ತದೆ. ಮುಪ್ಪಿನ ಸ್ನಾಯು ಅಷ್ಟೇ ಊಟಕ್ಕೆ ಅರೆಮನಸ್ಸಿನಿಂದ ಓಗೊಡುತ್ತದೆ. ಕಿವಿ ಮಂದವಾದ ಅಜ್ಜನ ಹಾಗೆ. ಮೆಲ್ಲಗೆ ಕರೆದರೆ ಕೇಳಿಸದು, ಜೋರಾಗಿ ಕೂಗಿದರೆ ಎದ್ದು ಬರುತ್ತಾನೆ. ಎಷ್ಟು ಜೋರಾಗಿ? ಹಲವು ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ಅಂದಾಜು ಬಂತು. ಇಪ್ಪತ್ತೆರಡರ ಆಸುಪಾಸಿನ ಯುವಕರ ಸ್ನಾಯು ಪೂರ್ಣ ವೇಗದಲ್ಲಿ ಕಟ್ಟಲು ಒಂದು ಊಟದಲ್ಲಿ ದೇಹದ ಪ್ರತಿ ಕಿಲೊ ತೂಕಕ್ಕೆ 0.24 ಗ್ರಾಂ ಉತ್ತಮ ಪ್ರೋಟೀನು ಸಾಕಾದರೆ, ಎಪ್ಪತ್ತೊಂದರ ಆಸುಪಾಸಿನ ಗಂಡಸರಿಗೆ 0.40 ಗ್ರಾಂ ಬೇಕಾಯಿತು. ಐವತ್ತು ಕಿಲೊ ತೂಕದವರಿಗೆ ಇದನ್ನು ಹಚ್ಚಿದರೆ ಒಂದು ಊಟಕ್ಕೆ 12 ಗ್ರಾಂ ಎದುರು 20 ಗ್ರಾಂ.

ಹಿರಿಯರ ಕರುಳು, ಯಕೃತ್ತುಗಳೂ ದಾರಿಯಲ್ಲಿ ಹೆಚ್ಚು ಸುಂಕ ವಸೂಲು ಮಾಡುತ್ತವೆ. 1997ರ ಒಂದು ಫ್ರೆಂಚ್ ಅಧ್ಯಯನದಲ್ಲಿ, ಊಟದಲ್ಲಿದ್ದ ಲ್ಯೂಸಿನ್‌ನಲ್ಲಿ ಯುವಕರ ಕರುಳು ಮತ್ತು ಯಕೃತ್ತು ಸುಮಾರು ಕಾಲು ಭಾಗ ತಡೆಹಿಡಿದರೆ, ಹಿರಿಯರಲ್ಲಿ ಅರ್ಧ ಅಲ್ಲೇ ನಿಂತಿತ್ತು. ಹಸಿವು ಕಡಿಮೆಯಾಗಿ ತಿನ್ನುವುದೇ ಅರ್ಧವಾಗಿರುವಾಗ, ತಿಂದದ್ದರಲ್ಲೂ ತೋಳು ತೊಡೆಗೆ ತಲುಪುವುದು ಇನ್ನೂ ಕಡಿಮೆ.

ಸ್ನಾಯುವನ್ನು ಎಬ್ಬಿಸುವ ಕರೆಗಂಟೆ ಯಾವುದು ಎಂಬುದೂ ಈಗ ಗೊತ್ತು. ಮುಖ್ಯವಾಗಿ ಲ್ಯೂಸಿನ್, ಗಂಟೆ ಬಡಿಯುವ ಜಾಗದ ಹೆಸರು ‘ಎಂಟಾರ್’. ಈ ಹೆಸರಿನ ಹಿಂದಿನ ಕಥೆ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. 1964ರಲ್ಲಿ ಕೆನಡಾದ ಒಂದು ತಂಡ ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದಿಂದ ಒಂದಷ್ಟು ಮಣ್ಣು ತಂದಿತ್ತು. ಮಾಂಟ್ರಿಯಲ್ಲಿನ ಔಷಧ ಪ್ರಯೋಗಶಾಲೆಯಲ್ಲಿ ಅವಿಭಜಿತ ಭಾರತದ ಪಂಜಾಬಿನಲ್ಲಿ ಹುಟ್ಟಿದ ಸುರೇಂದ್ರನಾಥ ಸೆಹಗಲ್ ಮತ್ತು ಸಂಗಡಿಗರು ಆ ಮಣ್ಣಿನ ಸೂಕ್ಷ್ಮಜೀವಿಯಿಂದ ಒಂದು ವಸ್ತು ಬೇರ್ಪಡಿಸಿದರು. ದ್ವೀಪದ ಸ್ಥಳೀಯ ಹೆಸರು ರಾಪಾ ನುಯಿ. ಔಷಧಕ್ಕೆ ರಾಪಾಮೈಸಿನ್ ಎಂದು ಹೆಸರಾಯಿತು. ಆ ಪ್ರಯೋಗಶಾಲೆ ಮುಚ್ಚಿದಾಗ ಸೆಹಗಲ್ ಆ ಸೂಕ್ಷ್ಮಜೀವಿಯನ್ನು ಮನೆಯ ಫ್ರೀಜರಿನಲ್ಲಿ ಕಾಪಾಡಿಕೊಂಡು ಅಮೆರಿಕಕ್ಕೆ ಒಯ್ದರು. 1999ರಲ್ಲಿ ಅದು ಕಿಡ್ನಿ ಕಸಿಯಾದವರ ಔಷಧವಾಗಿ ಒಪ್ಪಿಗೆ ಪಡೆಯಿತು. ರಾಪಾಮೈಸಿನ್ ದೇಹದಲ್ಲಿ ಹೋಗಿ ತಟ್ಟುವ ಪ್ರೋಟೀನೇ ಎಂಟಾರ್. ಬೆಳೆಯುವ, ಕಟ್ಟುವ ಕೆಲಸದ ಮುಖ್ಯ ಸ್ವಿಚ್ಚು ಅದು. ಲ್ಯೂಸಿನ್ ಅದನ್ನು ಹಾಕುತ್ತದೆ, ರಾಪಾಮೈಸಿನ್ ಆರಿಸುತ್ತದೆ.

ಸ್ವಿಚ್ಚು ಸದಾ ಹಾಕಿಯೇ ಇದ್ದರೆ ಒಳ್ಳೆಯದು ಎಂದುಕೊಳ್ಳುವಂತಿಲ್ಲ. ವಯಸ್ಸಾದ ಇಲಿಗಳಿಗೆ ರಾಪಾಮೈಸಿನ್ ಕೊಟ್ಟು ಆ ಸ್ವಿಚ್ಚನ್ನು ತಗ್ಗಿಸಿದಾಗ ಅವುಗಳ ಆಯುಷ್ಯ ಹೆಚ್ಚಿತು ಎಂದು 2009ರಲ್ಲಿ ವರದಿಯಾಯಿತು. ಊಟದ ಹೊತ್ತಿಗೆ ಚೆನ್ನಾಗಿ ಹತ್ತಿಕೊಳ್ಳಬೇಕು, ಬಳಿಕ ಆರಬೇಕು. ಬೆಳಗಿನಿಂದ ರಾತ್ರಿಯವರೆಗೆ ಚೂರುಚೂರೇ ತಿನ್ನುತ್ತ, ಯಾವ ಊಟದಲ್ಲೂ ಗಂಟೆ ಬಾರಿಸದೆ ಇರುವ ಮುದುಕರ ಪದ್ಧತಿ ಇದಕ್ಕೆ ತಕ್ಕ ವಿರುದ್ಧ.

ಹಾಸಿಗೆಯ ಹತ್ತು ದಿನ

ಊಟದಷ್ಟೇ ದೊಡ್ಡ ಇನ್ನೊಂದು ಗಂಟೆಯಿದೆ, ದುಡಿಮೆ. ಭಾರ ಎತ್ತಿದ, ಮೆಟ್ಟಿಲು ಹತ್ತಿದ ಸ್ನಾಯು ಮುಂದಿನ ಒಂದು ದಿನವಾದರೂ ಅಮೈನೊ ಆಮ್ಲಕ್ಕೆ ಹೆಚ್ಚು ಎಚ್ಚರವಾಗಿರುತ್ತದೆ. ಕೆಲಸವೇ ಇಲ್ಲದ ಸ್ನಾಯು ಕಿವುಡಾಗುತ್ತ ಹೋಗುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಸರಾಸರಿ ಅರವತ್ತೇಳು ವಯಸ್ಸಿನ ಆರೋಗ್ಯವಂತರನ್ನು ಹತ್ತು ದಿನ ಸುಮ್ಮನೆ ಹಾಸಿಗೆಯಲ್ಲಿ ಮಲಗಿಸಿದರು. ಕಾಯಿಲೆಯಿಲ್ಲ, ಉಪವಾಸವಿಲ್ಲ, ಶಿಫಾರಸಿನ ಪ್ರಮಾಣದ ಪ್ರೋಟೀನು ಕೊಡಲಾಗಿತ್ತು. ಆದರೂ ಕಾಲುಗಳಿಂದ ಸುಮಾರು ಒಂದು ಕಿಲೊ ಮಾಂಸ ಕರಗಿತ್ತು.

ಜ್ವರಕ್ಕೋ ಬಿದ್ದ ಪೆಟ್ಟಿಗೋ ಆಸ್ಪತ್ರೆ ಸೇರಿದ ಅಜ್ಜ ವಾಪಸು ಬಂದ ಮೇಲೆ ‘ಯಾಕೋ ಮೊದಲಿನ ಹಾಗಾಗಲೇ ಇಲ್ಲ’ ಎಂದು ಮನೆಯವರು ಹೇಳುವುದರ ಹಿಂದೆ ಎಷ್ಟೋ ಸಲ ಇರುವುದು ಇದೇ. ಕಾಯಿಲೆ ವಾಸಿಯಾಗಿರುತ್ತದೆ. ಹಾಸಿಗೆ ಕಿತ್ತುಕೊಂಡದ್ದು ಬಂದಿರುವುದಿಲ್ಲ. ‘ಪಾಪ, ಮಲಗಿರಲಿ’ ಎಂದು ತಟ್ಟೆಯನ್ನು ಮಂಚಕ್ಕೇ ಒಯ್ದು ಕೊಡುವ ಪ್ರೀತಿಯೂ ಇದಕ್ಕೆ ತನ್ನ ಪಾಲು ಸೇರಿಸುತ್ತದೆ.

ಡಬ್ಬಿಯಲ್ಲಿ ಇರುವುದೇನು?

ಈಗ ಮೊಮ್ಮಗನ ಡಬ್ಬಿಯ ಮುಚ್ಚಳ ತೆಗೆಯಬಹುದು. ಬಹುಪಾಲು ಡಬ್ಬಿಗಳಲ್ಲಿ ಇರುವುದು ಹಾಲೊಡಕಿನ ಪ್ರೋಟೀನು. ಮನೆಯಲ್ಲಿ ಹಾಲು ಒಡೆಸಿ ಪನೀರು ಮಾಡಿದಾಗ ಉಳಿಯುವ ತಿಳಿನೀರನ್ನು ಚೆಲ್ಲುತ್ತಾರಲ್ಲ, ಗಿಣ್ಣು ತಯಾರಿಸುವ ದೊಡ್ಡ ಕಾರ್ಖಾನೆಗಳು ಅದನ್ನೇ ಸೋಸಿ ಒಣಗಿಸಿ ಮಾರುತ್ತವೆ. ಬೇಗ ಅರಗುತ್ತದೆ, ಒಂಬತ್ತೂ ಅವಶ್ಯಕ ಅಮೈನೊ ಆಮ್ಲಗಳಿವೆ, ಲ್ಯೂಸಿನ್ ಧಾರಾಳ. ವಸ್ತುವೇನೋ ಒಳ್ಳೆಯದೇ.

ಲ್ಯೂಸಿನ್ನೇ ಗಂಟೆಯಾದರೆ ಅದೊಂದನ್ನೇ ಕೊಡಬಾರದೇಕೆ? ನೆದರ್‌ಲ್ಯಾಂಡ್ಸಿನ ಸಂಶೋಧಕರು ಹಾಗೇ ಮಾಡಿ ನೋಡಿದರು. ಎಪ್ಪತ್ತರ ಆಸುಪಾಸಿನ ಮೂವತ್ತು ಮಂದಿ ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಮೂರು ಹೊತ್ತಿನ ಊಟದ ಜೊತೆ ಎರಡೂವರೆ ಗ್ರಾಂನಂತೆ ಲ್ಯೂಸಿನ್, ಉಳಿದವರಿಗೆ ಹೆಸರಿಗೊಂದು ಪುಡಿ. ಮೂರು ತಿಂಗಳ ನಂತರ ಸ್ನಾಯುವಿನಲ್ಲಾಗಲಿ ಬಲದಲ್ಲಾಗಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಇದು 2009ರ ಮಾತು. ಗಂಟೆ ಬಾರಿಸಿದರೆ ಕೆಲಸಗಾರರು ಬರುತ್ತಾರೆ, ಇಟ್ಟಿಗೆ ಬೇರೆ ತರಿಸಬೇಕು. ಜಿಮ್ಮುಗಳಲ್ಲಿ ಬಿಸಿಎಎ ಎಂಬ ಹೆಸರಿನಲ್ಲಿ ಬಿಕರಿಯಾಗುವ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರರ ಮಿಶ್ರಣಕ್ಕೂ ಇದೇ ಆಕ್ಷೇಪಣೆ. ಒಂಬತ್ತು ಅಕ್ಷರ ಬೇಕಾದಲ್ಲಿ ಮೂರನ್ನು ಚೀಲಗಟ್ಟಲೆ ತಂದಂತೆ. ವಿದ್ಯಾರ್ಥಿಗಳು ಆ ದುಡ್ಡಿಗೆ ಕಡಲೆಕಾಯಿ ಕೊಂಡು ತಿನ್ನುವುದು ಮೇಲು.

ಒಂದೇ ಅಮೈನೊ ಆಮ್ಲದ ಅತಿಯ ಬಗ್ಗೆ ನಮ್ಮ ದೇಶದಲ್ಲೇ ಹಳೆಯ ಒಂದು ಚರ್ಚೆಯೂ ಇದೆ. ಜೋಳವನ್ನೇ ಹೆಚ್ಚಾಗಿ ಉಣ್ಣುವ ದಖನ್ನಿನ ಬಡವರಲ್ಲಿ ಕಾಣುತ್ತಿದ್ದ ಪೆಲಗ್ರ ಎಂಬ ಚರ್ಮರೋಗಕ್ಕೆ ಜೋಳದಲ್ಲಿರುವ ಹೆಚ್ಚಿನ ಲ್ಯೂಸಿನ್ ಕಾರಣವಿರಬಹುದು ಎಂದು ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಬರೆದರು. ಮುಂದೆ ಇತರರ ಪ್ರಯೋಗಗಳು ಅದನ್ನು ಪೂರ್ತಿ ಒಪ್ಪಲಿಲ್ಲ.

ಇನ್ನೊಂದು ಘಟನೆಯಲ್ಲಿ ಚರ್ಚೆಗೆ ಅವಕಾಶವಿಲ್ಲ. ನಿದ್ರೆ ಬರುತ್ತದೆ, ಮನಸ್ಸು ಹಗುರವಾಗುತ್ತದೆ ಎಂದು ಅಮೆರಿಕದಲ್ಲಿ ಟ್ರಿಪ್ಟೋಫ್ಯಾನ್ ಮಾತ್ರೆಗಳು ಅಂಗಡಿಯಲ್ಲಿ ಮುಕ್ತವಾಗಿ ಸಿಗುತ್ತಿದ್ದವು. 1989ರಲ್ಲಿ ಅದನ್ನು ನುಂಗುತ್ತಿದ್ದವರಲ್ಲಿ ಸಹಿಸಲಾಗದ ಸ್ನಾಯುನೋವು ಕಾಣಿಸಿಕೊಂಡಿತು. 1500ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಬಹುಪಾಲು ಪ್ರಕರಣಗಳ ಜಾಡು ಒಂದೇ ತಯಾರಕರ ಮಾಲಿಗೆ ಹೋಗಿ ಮುಟ್ಟಿತು.

ಮೋಸದ ದಾರಿಯೂ ಇದೆ, ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಅರ್ಥವಾದೀತು. ಡೆನ್ಮಾರ್ಕಿನ ಕೆಲ್ಡಾಲ್ 1883ರಲ್ಲಿ ಹೇಳಿಕೊಟ್ಟ ವಿಧಾನದಲ್ಲಿ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿ ಪ್ರೋಟೀನು ಇಷ್ಟು ಎನ್ನುತ್ತಾರೆ. ಹಾಗಾಗಿ ಸಾರಜನಕವಿರುವ ಯಾವ ಅಗ್ಗದ ವಸ್ತು ಬೆರೆಸಿದರೂ ಅಂಕಿ ಏರುತ್ತದೆ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಪ್ಲಾಸ್ಟಿಕ್ ಉದ್ಯಮದ ಮೆಲಮೈನ್ ಸೇರಿಸಿದ್ದು ಇದಕ್ಕೇ. ಆರು ಹಸುಳೆಗಳು ಸತ್ತವು, ಮೂರು ಲಕ್ಷದಷ್ಟು ಮಕ್ಕಳು ಕಾಯಿಲೆ ಬಿದ್ದರು. ಪುಡಿಗೆ ಗ್ಲೈಸಿನ್‌ನಂಥ ಅಗ್ಗದ ಅಮೈನೊ ಆಮ್ಲ ಬೆರೆಸಿ ಡಬ್ಬಿಯ ಮೇಲಿನ ಅಂಕಿ ಹಿಗ್ಗಿಸುವುದು ಅದರ ಸಣ್ಣ ತಮ್ಮ.

ಡಬ್ಬಿಯ ಬಗ್ಗೆ ಅತ್ಯಂತ ಸ್ಪಷ್ಟ ಉತ್ತರ ಬಂದದ್ದು ಮಾತ್ರ ಬಾಸ್ಟನ್ ನಗರದ ಒಂದು ವೃದ್ಧಾಶ್ರಮದಿಂದ, 1994ರಲ್ಲಿ. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಸರಾಸರಿ ಎಂಬತ್ತೇಳು ವಯಸ್ಸಿನ ನೂ‌ರು ಮಂದಿ ದುರ್ಬಲರನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಕಾಲಿಗೆ ಭಾರ ಕೊಡುವ ವ್ಯಾಯಾಮ, ಒಂದಕ್ಕೆ ಸೋಯಾ ಪ್ರೋಟೀನಿದ್ದ ಪೌಷ್ಟಿಕ ಪಾನೀಯ, ಒಂದಕ್ಕೆ ಎರಡೂ, ಒಂದಕ್ಕೆ ಎರಡೂ ಇಲ್ಲ. ಹತ್ತು ವಾರದಲ್ಲಿ ವ್ಯಾಯಾಮ ಮಾಡಿದವರ ಕಾಲಿನ ಬಲ ಸರಾಸರಿ ನೂರಕ್ಕೆ 113 ಏರಿತು, ಮಾಡದವರದು 3. ಬರೀ ಪಾನೀಯ ಕುಡಿದವರಿಗೆ ಬಲ ಬರಲಿಲ್ಲ. 2018ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲೂ, ಕಿಲೊಗೆ 0.8 ಗ್ರಾಂ ಪ್ರೋಟೀನು ಸರಿಯಾಗಿ ಸಿಗುತ್ತಿದ್ದ ಹಿರಿಯ ಗಂಡಸರಿಗೆ ಅದನ್ನು 1.3ಕ್ಕೆ ಏರಿಸಿದ್ದರಿಂದ ಆರು ತಿಂಗಳಲ್ಲಿ ಸ್ನಾಯು ಹೆಚ್ಚಲಿಲ್ಲ.

ಹಾಗಾದರೆ ಪುಡಿ ಯಾರಿಗೂ ಬೇಡವೇ? ಊಟ ಸೇರದವರು, ನುಂಗಲಾಗದವರು, ದೊಡ್ಡ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು, ಇಂಥವರಿಗೆ ಡಾಕ್ಟರ ಸಲಹೆಯಂತೆ ಅದು ನಿಜವಾದ ಆಸರೆ. ಸಣ್ಣ ಲೋಟದಲ್ಲಿ 20 ಗ್ರಾಂ ಪ್ರೋಟೀನು ಇಳಿಸುವುದು ಬೇರೆ ಆಹಾರದಿಂದ ಕಷ್ಟ. ಆದರೆ ಅದು ಅಜ್ಜಿಯನ್ನು ಕುರ್ಚಿಯಲ್ಲೇ ಕೂರಿಸಿ ಕುಡಿಸುವ ಟಾನಿಕ್ಕು ಅಲ್ಲ.

ತಟ್ಟೆಯ ಲೆಕ್ಕ

ಅಮೆರಿಕದ ಗಂಡಸರಿಗೆ 0.8 ಗ್ರಾಂ ಸಿಗುತ್ತಿತ್ತು. ತಿಳಿಸಾರಿನ ಅಜ್ಜಿಗೆ ಅದೂ ಸಿಗುತ್ತಿದೆಯೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ ಕಿಲೊಗೆ 0.83 ಗ್ರಾಂ. ಐವತ್ತು ಕಿಲೊ ತೂಕದವರಿಗೆ ದಿನಕ್ಕೆ ಸುಮಾರು 42 ಗ್ರಾಂ. ಹಿರಿಯರಿಗೆ 1ರಿಂದ 1.2 ಗ್ರಾಂ ಬೇಕು ಎಂದು 2013ರಲ್ಲಿ ಒಂದು ಅಂತರರಾಷ್ಟ್ರೀಯ ತಜ್ಞರ ತಂಡ ಹೇಳಿತು. ಅಂದರೆ 50ರಿಂದ 60.

ಅಜ್ಜಿಯ ದಿನವನ್ನು ಕೂಡಿ ನೋಡಬಹುದು. ಬೆಳಿಗ್ಗೆ ಎರಡು ಇಡ್ಲಿ, ಕಾಫಿ: 7 ಗ್ರಾಂ. ಮಧ್ಯಾಹ್ನ ಎರಡು ಸೌಟು ಅನ್ನ, ತಿಳಿಸಾರು, ನೀರುಮಜ್ಜಿಗೆ: 10. ಸಂಜೆ ಮತ್ತೆ ಕಾಫಿ: 3. ರಾತ್ರಿ ಅರ್ಧ ತಟ್ಟೆ ಉಪ್ಪಿಟ್ಟು: 5. ಒಟ್ಟು 25. ಯಾವ ಹೊತ್ತಿನಲ್ಲೂ ಆ ಮಂದಕಿವಿಯ ಸ್ನಾಯುವನ್ನು ಎಬ್ಬಿಸುವಷ್ಟು ಗದ್ದಲವಿಲ್ಲ.

ಇನ್ನು ಮುದ್ದೆಯ ಸೀಮೆಯ ಬಸ್ಸಾರು. ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿನಿಂದ ಸಾರು, ಬಸಿದುಳಿದ ಕಾಳು ಸೊಪ್ಪಿನಿಂದ ಪಲ್ಯ. ಹಲ್ಲಿರುವವರು ಎರಡನ್ನೂ ಉಣ್ಣುತ್ತಾರೆ. ಹಲ್ಲಿಲ್ಲದ ಅಜ್ಜಿ ಮುದ್ದೆ ನುಂಗಿ, ಸಾರು ಸುರಿದುಕೊಂಡು ಏಳುತ್ತಾರೆ. ಪ್ರೋಟೀನು ಪಲ್ಯದ ಬಟ್ಟಲಲ್ಲೇ ಉಳಿಯಿತು! ಅವರ ಪಾಲಿನ ಪಲ್ಯವನ್ನು ನುಣ್ಣಗೆ ಅರೆದು ಸಾರಿಗೆ ಸೇರಿಸಿದರೆ ಮುಗಿಯಿತು. ಮೀನುಸಾರಿನ ಮನೆಗಳಲ್ಲೂ ಅಷ್ಟೇ, ಮುಳ್ಳಿನ ಭಯಕ್ಕೆ ಅಜ್ಜನ ತಟ್ಟೆಗೆ ರಸ ಮಾತ್ರ ಬೀಳುತ್ತದೆ.

ಕಾಳು ಬೇಳೆಯ ಮೇಲೆ ಇಷ್ಟು ಒತ್ತು ಯಾಕೆ ಎಂಬುದಕ್ಕೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದ ಕೆಲಸ ಉತ್ತರ ಕೊಡುತ್ತದೆ. ಅಕ್ಕಿ, ರಾಗಿ, ಗೋಧಿಗಳಲ್ಲಿ ಲೈಸಿನ್ ಎಂಬ ಅವಶ್ಯಕ ಅಮೈನೊ ಆಮ್ಲ ಕಡಿಮೆ, ಬೇಳೆಕಾಳಿನಲ್ಲಿ ಧಾರಾಳ. ರೋಸ್ ಮಾಡಿದಂಥ ಜಮಾಖರ್ಚಿನ ಪ್ರಯೋಗಗಳನ್ನು ಆಧರಿಸಿ, 1985ರ ಅಂತರರಾಷ್ಟ್ರೀಯ ವರದಿ ವಯಸ್ಕರಿಗೆ ಕಿಲೊಗೆ 12 ಮಿಲಿಗ್ರಾಂ ಲೈಸಿನ್ ಸಾಕು ಎಂದಿತ್ತು. ಆ ಲೆಕ್ಕದಲ್ಲಿ ಬರೀ ಅನ್ನ ಉಂಡರೂ ನಡೆಯುತ್ತಿತ್ತು. ಡಾ. ಅನುರ ಕುರ್ಪಾಡ್ ಮತ್ತು ಸಂಗಡಿಗರು ಭಾರದ ಇಂಗಾಲ ಸೇರಿಸಿದ ಲ್ಯೂಸಿನ್ ಕೊಟ್ಟು, ಭಾರತೀಯ ಸ್ವಯಂಸೇವಕರ ಉಸಿರನ್ನು ಇಡೀ ಹಗಲು ರಾತ್ರಿ ಅಳೆದರು. ತರ್ಕ ಸೊಗಸಾಗಿದೆ. ಲೈಸಿನ್ ಸಾಲದಿದ್ದರೆ ಮಾಲೆ ಕಟ್ಟಲಾಗದೆ ಲ್ಯೂಸಿನ್ ಉರಿದುಹೋಗುತ್ತದೆ, ಗುರುತಿನ ಇಂಗಾಲ ಉಸಿರಿನಲ್ಲಿ ಹೊರಬರುತ್ತದೆ. ನಿಜವಾದ ಅವಶ್ಯಕತೆ ಸುಮಾರು 30 ಮಿಲಿಗ್ರಾಂ ಎಂದು ತಿಳಿಯಿತು. 2007ರ ಅಂತರರಾಷ್ಟ್ರೀಯ ವರದಿಯೂ 30 ಎಂದೇ ಹೇಳಿತು. ಹೊಟ್ಟೆಯಲ್ಲಿ ಜಂತುಗಳಿರುವ ಬಡವರಿಗೆ ಇನ್ನೂ ಹೆಚ್ಚು ಬೇಕು ಎಂಬುದನ್ನೂ ಅದೇ ತಂಡ ತೋರಿಸಿತು. ಆ ಸ್ವಯಂಸೇವಕರು ಮುದುಕರಲ್ಲ ನಿಜ. ಆದರೆ ಹರೆಯದವರಿಗೇ ಬರೀ ಅನ್ನ ಸಾಲದೆಂದ ಮೇಲೆ ಅಜ್ಜಿಯ ಮಾತೇನು?

ಅದೇ ಅಜ್ಜಿಯ ಮಧ್ಯಾಹ್ನದ ತಟ್ಟೆಯಲ್ಲಿ ತಿಳಿಸಾರಿನ ಬದಲು ಒಂದು ಹಿಡಿ ಬೇಳೆಯ ಗಟ್ಟಿ ತೊವ್ವೆ, ಮೆತ್ತಗೆ ಬೇಯಿಸಿದ ಹೆಸರುಕಾಳಿನ ಉಸಲಿ, ನೀರುಮಜ್ಜಿಗೆಯ ಬದಲು ಒಂದು ಬಟ್ಟಲು ಮೊಸರು ಬಿದ್ದರೆ ಒಂದೇ ಊಟದಲ್ಲಿ 20 ಗ್ರಾಂ ದಾಟುತ್ತದೆ. ಉಪ್ಪಿಟ್ಟಿಗೆ ಹುರಿಗಡಲೆಪುಡಿ, ಕಡಲೆಕಾಯಿಪುಡಿ. ರಾತ್ರಿ ಒಂದು ಲೋಟ ಹಾಲು, 6 ಗ್ರಾಂ. ತಿನ್ನುವವರಿಗೆ ಒಂದು ಮೊಟ್ಟೆ, ಮತ್ತೊಂದು 6. ಹೊಟ್ಟೆ ಉಬ್ಬರವಾಗುತ್ತದೆ ಎನ್ನುವವರಿಗೆ ತೊಗರಿಗಿಂತ ಹೆಸರುಬೇಳೆ ಹಗುರ.

ಅಮ್ಮನ ಭಯಕ್ಕೂ ಜಾಗವಿದೆ. ಕಿಡ್ನಿ ಈಗಾಗಲೇ ಕೆಟ್ಟಿರುವವರಿಗೆ ಯೂರಿಯಾ ಹೊರಹಾಕುವುದೇ ಕಷ್ಟ. ಡಾಕ್ಟರನ್ನು ಕೇಳದೆ ಬೇಳೆಯನ್ನೂ ಹೆಚ್ಚಿಸಕೂಡದು, ಪುಡಿಯನ್ನೂ ಕೊಡಕೂಡದು. ಪಾರ್ಕಿನ್‌ಸನ್ ಕಾಯಿಲೆಗೆ ಲೀವೋಡೋಪ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಮೈನೊ ಆಮ್ಲಗಳು ಆ ಔಷಧದ ದಾರಿಗೇ ಅಡ್ಡ ಬರುತ್ತವೆ, ಊಟಕ್ಕೂ ಮಾತ್ರೆಗೂ ಅಂತರವಿರಬೇಕು. ಮೊಮ್ಮಗನಿಗೂ ಒಂದು ಲೆಕ್ಕವಿದೆ. ವ್ಯಾಯಾಮ ಮಾಡುವವರಿಗೂ ಕಿಲೊಗೆ 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭವಿಲ್ಲ ಎಂದು 2018ರ ಒಂದು ವಿಶ್ಲೇಷಣೆ ಹೇಳಿದೆ. ಸಾಮಾನ್ಯ ಜನ ಪ್ರೋಟೀನ್ ಪುಡಿಗಳಿಂದ ದೂರವಿರುವುದೇ ಒಳ್ಳೆಯದು ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗದರ್ಶಿಯ ಸಲಹೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಏಷ್ಯಾದ ತಜ್ಞರು 2019ರಲ್ಲಿ ಸೂಚಿಸಿದ್ದಾರೆ. ಗೋಡೆಗೆ ಒರಗಿಸಿಟ್ಟ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿ, ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳುವುದು. ಬೀಳದಂತೆ ಒಬ್ಬರು ಪಕ್ಕದಲ್ಲಿ ನಿಲ್ಲಬೇಕು, ಇನ್ನೊಬ್ಬರು ಗಡಿಯಾರ ನೋಡಬೇಕು. ಹನ್ನೆರಡು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಸ್ನಾಯುವಿನ ಬಗ್ಗೆ ಡಾಕ್ಟರ ಹತ್ತಿರ ಮಾತಾಡುವುದು ಒಳ್ಳೆಯದು. ಸ್ವಾರಸ್ಯವೆಂದರೆ, ಕುರ್ಚಿಯಿಂದ ಎದ್ದು ಕೂರುವ ಈ ಪರೀಕ್ಷೆಯೇ ದಿನವೂ ಮಾಡಿದರೆ ವ್ಯಾಯಾಮವೂ ಹೌದು.

ಅದಕ್ಕೆ ವಯಸ್ಸು ಮೀರಿತು ಎನ್ನುವವರಿಗೆ ಬಾಸ್ಟನ್ನಿನ ಅದೇ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಇನ್ನೊಂದು ವರದಿಯಿದೆ. ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಮಂದಿ ಎಂಟು ವಾರ ತೊಡೆಗೆ ಭಾರದ ವ್ಯಾಯಾಮ ಮಾಡಲು ಒಪ್ಪಿದರು, ಒಂಬತ್ತು ಮಂದಿ ಪೂರೈಸಿದರು. ಕಾಲಿನ ಬಲ ಸರಾಸರಿ ನೂರಕ್ಕೆ 174 ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟರು. ಆಮೇಲೆ ವ್ಯಾಯಾಮ ನಿಲ್ಲಿಸಿ ನೋಡಿದರು; ನಾಲ್ಕೇ ವಾರದಲ್ಲಿ ಆ ಬಲದ ಮೂರನೆಯ ಒಂದು ಭಾಗದಷ್ಟು ಮತ್ತೆ ಇಳಿದುಹೋಗಿತ್ತು.